ಹೇಳಿದವರಿಗೆ ಏನೂ ಆಗುವುದಿಲ್ಲ

ಸುಲೋಚನಾ ಆವಳೆಯ ಬಗ್ಗೆ ಇಚಲಕರಂಜಿಯಲ್ಲಿ ಎರಡು ಮಾತಿವೆ. ಆಸ್ಪತ್ರೆಗೆ ಬಂದು ವಾಸಿಯಾಗಿ ಹೋದವರು ಆಕೆಯನ್ನು ದೇವರಂಥ ಹೆಂಗಸು ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಸಂಬಳಕ್ಕೆ ದುಡಿಯುವವರು ತಲೆಕೆಟ್ಟವಳು ಅನ್ನುತ್ತಾರೆ. ಅದೇ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಕತ್ತಲಲ್ಲಿ ತಲೆ ಬೆಳ್ಳಗಾಗುವ ತನಕ ಕೂತ ನಾನು ಇಬ್ಬರ ಮಾತನ್ನೂ ಒಪ್ಪುವವನಲ್ಲ. ದೇವರಾಗಿದ್ದರೆ ಆಕೆ ಇಷ್ಟೆಲ್ಲ ಅನುಭವಿಸಬೇಕಾಗಿರಲಿಲ್ಲ. ತಲೆ ಕೆಟ್ಟಿದ್ದರೆ ಇವತ್ತು ನಿದ್ದೆಯಾದರೂ ಬರುತ್ತಿತ್ತು.

ಮಗ್ಗದ ಸದ್ದಿಗೆ ಕಿವಿ ಮಂದವಾದ ಊರು ನಮ್ಮದು. ಇಲ್ಲಿ ಗುಟ್ಟು ಹೇಳುವವರೂ ಕೂಗಿಯೇ ಹೇಳುತ್ತಾರೆ. ಸುಲೋಚನಾಳ ಅಪ್ಪ ನೂಲು ಸುತ್ತುತ್ತಿದ್ದ, ಗಂಡ ಮಾರುತಿ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್. ಆಕೆ ಮಾತ್ರ ಮಿರಜಿಗೆ ಹೋಗಿ ನರ್ಸಿಂಗ್ ಕಲಿತು ಬಂದು ನಮ್ಮ ಟ್ರಸ್ಟ್ ಆಸ್ಪತ್ರೆಯ ಗಂಡಸರ ವಾರ್ಡಿಗೆ ಸೇರಿದಳು, ಮುಂದೆ ಅಲ್ಲಿಯ ಮುಖ್ಯ ನರ್ಸ್ ಆದಳು. ನಾವೆಲ್ಲ ಆವಳೆ ಅಕ್ಕ ಅನ್ನುತ್ತಿದ್ದೆವು. ಆಕೆಗೊಂದು ಚಾಳಿಯಿತ್ತು. ಮಾತ್ರೆಯಿರಲಿ, ಸೂಜಿಯಿರಲಿ, ಕೊಡುವ ಮುಂಚೆ ರೋಗಿಯ ಹೆಸರು ಕೇಳಬೇಕು. ಅವನು ತನ್ನ ಬಾಯಿಂದಲೇ ಹೇಳಬೇಕು.

"ಅಯ್ಯ ಅಕ್ಕಾ, ಮುಂಜಾನೆ ಕೇಳಿದ್ರಿ, ಮಧ್ಯಾಹ್ನ ಕೇಳಿದ್ರಿ. ನನ್ನ ಹೆಸರೇನು ತಾಸಿಗೊಮ್ಮೆ ಬದಲಾಗತೈತೇನು?" ಎಂದು ಮುದುಕರು ರೇಗುತ್ತಿದ್ದರು.

"ನಿಮ್ಮ ಹೆಸರು ಬದಲಾಗಂಗಿಲ್ಲ ಅಣ್ಣಾ, ನನ್ನ ಕಣ್ಣು ಬದಲಾಗತಾವ. ಹೇಳ್ರಿ," ಅನ್ನುತ್ತಿದ್ದಳು.

ಉಳಿದ ನರ್ಸುಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ವಾರ್ಡು ತುಂಬಿ ವರಾಂಡದಲ್ಲೂ ಹಾಸಿಗೆ ಬೀಳುತ್ತಿತ್ತು, ನರ್ಸುಗಳು ಬೆರಳೆಣಿಕೆಯಷ್ಟು. ಅವರಿಗೆ ರೋಗಿಗೆ ಹೆಸರಿಲ್ಲ, ಮಂಚದ ನಂಬರ್ ಮಾತ್ರ. "ಏಳನೇ ನಂಬರಿಗೆ ಸಲೈನ್ ಮುಗೀತು ನೋಡು," "ಒಂಬತ್ತಕ್ಕ ಊಟ ಬ್ಯಾಡ." ಯಾರಿಗೆ ಯಾವ ಔಷಧ ಎಂದು ಬರೆದ ಹಲಗೆಯನ್ನು ಮಂಚದ ಕಾಲಬದಿಯ ಸರಳಿಗೆ ದಾರದಿಂದ ಕಟ್ಟಿರುತ್ತಿದ್ದರು. ಮಂಚಕ್ಕೆ ಕಟ್ಟಿದ್ದು, ಮನುಷ್ಯನಿಗಲ್ಲ. ಇದು ನೆನಪಿರಲಿ.

ಒಂದು ಸಲ ಆವಳೆ ಅಕ್ಕನನ್ನು ಪುಣೆಯಲ್ಲಿ ಯಾವುದೋ ತರಬೇತಿಗೆ ಕಳಿಸಿದರು. ಹೋಗಲು ಬೇರೆ ಯಾರೂ ತಯಾರಿಲ್ಲದ್ದಕ್ಕೆ ಕಳಿಸಿದ್ದು. ಆಕೆ ತಿರುಗಿ ಬಂದದ್ದು ಮಾತ್ರ ವಾರಿಯ ಕಾಲ್ನಡಿಗೆ ಯಾತ್ರೆಗೆ ಹೋಗಿ ವಿಠೋಬನ ಕಾಲು ಮುಟ್ಟಿ ಬಂದವರ ಮುಖ ಹೊತ್ತು. ಎಕ್ಸ್‌ರೇ ಕೋಣೆಗೆ ಬಂದು ನನ್ನೆದುರು ಕೂತು ಹೇಳಿದಳು.

"ತೇರದಾಳೆ ಮಾಮಾ, ಆಸ್ಪತ್ರ್ಯಾಗ ಜನ ಸಾಯೋದು ತಪ್ಪಿನಿಂದ ಅಲ್ಲ. ತಪ್ಪು ಮುಚ್ಚಿಡೋದರಿಂದ."

"ಇದನ್ನ ಹೇಳಾಕ ಪುಣೇಕ ಕರಸಿದ್ರೇನು?" ಎಂದೆ.

"ನಗಬ್ಯಾಡ್ರಿ. ಒಬ್ಬಾಕಿ ತಪ್ಪು ಔಷಧ ಕೊಟ್ಳು ಅಂತ ತಿಳಕೋರಿ. ಆಗಿಂದಾಗ ಬಂದು ಹೇಳಿದ್ರ ಉಳಸಬಹುದು. ಬೈತಾರ, ಕೆಲಸ ಹೊಕ್ಕೈತಿ ಅಂತ ಅಂಜಿ ಬಾಯಿ ಮುಚಗೊಂಡು ಕುಂತ್ರ ಅವ ಸಾಯ್ತಾನ. ಅದಕ್ಕ ಹೇಳಿದವರಿಗೆ ಶಿಕ್ಷಾ ಇರಬಾರದು. ಇಷ್ಟ."

ಇಷ್ಟೇ. ಇಷ್ಟನ್ನು ಹಿಡಿದುಕೊಂಡು ಆಕೆ ಮೇಲ್ವಿಚಾರಕ ಡಾಕ್ಟರ್ ಉಪಾಧ್ಯೆಯವರ ಬೆನ್ನು ಬಿದ್ದಳು. ಉಪಾಧ್ಯೆ ಕೆಟ್ಟ ಮನುಷ್ಯರಲ್ಲ. ಯಾರು ಕೊನೆಗೆ ಮಾತಾಡಿದರೋ ಅವರ ಮಾತು ಸರಿ ಅನ್ನಿಸುವ ಸ್ವಭಾವ, ಅಷ್ಟೆ. ಕಡೆಗೊಂದು ದಿನ ಸಭಾಗೃಹದಲ್ಲಿ ಎಲ್ಲರನ್ನೂ ಸೇರಿಸಿ, ಟ್ರಸ್ಟಿನ ಅಧ್ಯಕ್ಷರಿಗೆ ಹಾರ ಹಾಕಿ, ಮೈಕಿನಲ್ಲಿ ಸಾರಿದರು. "ಇವತ್ತಿಂದ ನಮ್ಮ ಆಸ್ಪತ್ರ್ಯಾಗ ತಪ್ಪಾದ್ರ ಹೇಳ್ರಿ. ಹೇಳಿದವರಿಗೆ ಏನೂ ಆಗೋದಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ಜೋರಾಗಿ ತಟ್ಟಿದವರು ಸಮೋಸಾ ಕಡೆ ನೋಡುತ್ತಿದ್ದರು.

ಶನಿವಾರ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ ಕೂಟ ಶುರುವಾಯಿತು. ಆವಳೆ ಅಕ್ಕ ಮನೆಯಿಂದ ಡಬ್ಬಿ ತುಂಬ ಭಡಂಗ್ ತರುತ್ತಿದ್ದಳು, ಬೆಳ್ಳುಳ್ಳಿ ಶೇಂಗಾ ಹಾಕಿ ಒಗ್ಗರಣೆ ಕೊಟ್ಟ ಚುರುಮುರಿ. ನಾನು ಹೋದದ್ದು ಅದಕ್ಕೇ. ಮೊದಲ ವಾರ ಯಾರೂ ತುಟಿ ಬಿಚ್ಚಲಿಲ್ಲ. ಆಗ ಆಕೆಯೇ ಶುರುಮಾಡಿದಳು. ಹಿಂದೊಮ್ಮೆ ಒಬ್ಬ ಅಜ್ಜನಿಗೆ ಕಿವಿಗೆ ಬಿಡುವ ಹನಿಯನ್ನು ಕಣ್ಣಿಗೆ ಬಿಟ್ಟಿದ್ದಳಂತೆ. ಅಜ್ಜ ಅರಚಿದ್ದನ್ನು ಅರಚಿ ತೋರಿಸಿದಳು. ಹುಡುಗಿಯರು ನಕ್ಕು ನಕ್ಕು ಹಾಸಿಗೆ ಗಂಟಿನ ಮೇಲೆ ಉರುಳಿದರು. ಮುಂದಿನ ವಾರ ಒಬ್ಬಳು, ಅದರ ಮುಂದಿನ ವಾರ ಇಬ್ಬರು. ಕಡೆಗೆ ಆಯಾ ಹೌಸಾ ಮಾವಶಿಯೂ ಸೆರಗು ಸರಿಮಾಡಿಕೊಂಡು ಎದ್ದಳು.

"ನಂದೂ ಒಂದೈತಿ. ಬೈಬಾರದು ಮತ್ತ."

"ಬೈಯಂಗಿಲ್ಲ ಮಾವಶಿ, ಹೇಳು."

"ಆ ಕಿಡಕಿ ಬಾಜೂದ ಏಳನೇ ನಂಬರ್ ಮಂಚ ಐತಲ್ಲ. ಅದರ ಮ್ಯಾಗ ಸಾಲಾಗಿ ಮಂದಿ ಸತ್ರು. ಈಗ ಅಲ್ಲಿ ಯಾರೂ ಮಲಗಾಕ ಒಲ್ಲರು. ನೀವು ಅಲ್ಲಿ ಹಾಕಿ ಹ್ವಾದ ಮ್ಯಾಲ ಮನಿಮಂದಿ ನನ್ನ ಕೈಕಾಲು ಹಿಡೀತಾರ. ನಾನೂ ನಿಂಬೆಹಣ್ಣು ಇಳಿಸಿ ನೋಡಿದ್ನಿ. ಒಲ್ಲೆ ಅಂತಾರ. ಅದಕ್ಕ ಯಾರರೆ ಹೊಸಬರು, ಗೊತ್ತಿಲ್ಲದವರು ಬಾಜೂಕ ಬಂದ್ರ ಅವರನ್ನ ಅತ್ತ ಸರಿಸಿ ಇವರನ್ನ ಇತ್ತ ಮಲಗಸ್ತೀನಿ."

ಆವಳೆ ಅಕ್ಕ ಕೈಲಿದ್ದ ಚುರುಮುರಿಯನ್ನು ಡಬ್ಬಿಗೆ ಹಾಕಿದಳು.

"ಮಂದೀನ ಸರಿಸ್ತಿ. ಹಲಗಿ?"

"ಹಲಗಿ ಯಾಕ ಮುಟ್ಟಲಿ? ಅದು ನಿಮ್ಮ ಓದಿದವರ ಸಾಮಾನು."

ನಮ್ಮ ಜನಕ್ಕೆ ಸಾವಾದ ಮಂಚ ಆಗದು. ಹೌಸಾ ಮಾವಶಿಯ ಮನಸ್ಸು ಮೃದು, ಹಲಗೆ ಮುಟ್ಟಲು ಭಯ. ನರ್ಸುಗಳಿಗೆ ನಂಬರ್ ಬಿಟ್ಟರೆ ಹೆಸರು ಗೊತ್ತಿಲ್ಲ. ಹಾಗಾದರೆ ಒಬ್ಬರ ಔಷಧ ಇನ್ನೊಬ್ಬರ ಮೈಗೆ ಹೋಗದೆ ಇನ್ನೇನು? ಯಾರೂ ಮಾವಶಿಗೆ ಬೈಯಲಿಲ್ಲ. ಆವಳೆ ಅಕ್ಕ ಆಕೆಯನ್ನು ತಬ್ಬಿಕೊಂಡು, "ನೀ ಇವತ್ತ ಎಷ್ಟ ಜೀವ ಉಳಿಸಿದಿ ನಿನಗ ಗೊತ್ತಿಲ್ಲ," ಅಂದಳು. ಸೋಮವಾರದಿಂದ ಬ್ಯಾಂಡೇಜ್ ಬಟ್ಟೆಯ ಪಟ್ಟಿ ಹರಿದು, ಅದರ ಮೇಲೆ ಹೆಸರು ಬರೆದು, ಪ್ರತಿಯೊಬ್ಬನ ಮಣಿಕಟ್ಟಿಗೆ ಕಟ್ಟಿಸಿದಳು. ಮಂಗಳವಾರದ ಹೊತ್ತಿಗೆ ಅರ್ಧ ಮಂದಿ ಕಿತ್ತೆಸೆದಿದ್ದರು. ನಮ್ಮಲ್ಲಿ ಹೆಣವನ್ನು ಮನೆಗೆ ಕಳಿಸುವಾಗ ಕೈಗೆ ಅಂಥದೇ ಪಟ್ಟಿ ಕಟ್ಟಿ ಹೆಸರು ಬರೆದು ಕಳಿಸುವ ಪದ್ಧತಿ. ಬದುಕಿರುವ ಗಂಡನ ಕೈಗೆ ಅದನ್ನು ಕಟ್ಟಿದರೆ ಹೆಂಡತಿಯಾದವಳು ಬಿಟ್ಟಾಳೇ? ಬೇರೆ ಬಣ್ಣದ, ಪ್ಲಾಸ್ಟಿಕ್ಕಿನ ಪಟ್ಟಿ ತರಿಸಿಕೊಡಿ ಎಂದು ಆಕೆ ಆಫೀಸಿಗೆ ಅಲೆದಳು. ನೋಡೋಣ ಅಂದರು. ಇವತ್ತಿಗೂ ನೋಡುತ್ತಿದ್ದಾರೆ.

ಅದೇ ಮಳೆಗಾಲದಲ್ಲಿ ಆಗಬಾರದ್ದು ಆಯಿತು. ಪ್ರಾಜಕ್ತಾ ಲೋಹಾರ ಎಂಬ ಹುಡುಗಿ, ಕಬನೂರಿನವಳು, ಹೊಸದಾಗಿ ಸೇರಿದ್ದಳು. ಚುರುಕು, ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಆವಳೆ ಅಕ್ಕನಿಗೆ ಮಗಳಂತಿದ್ದಳು. ಏಳನೇ ಮಂಚಕ್ಕೆ ಯಶವಂತ ಗುರವ ಎಂಬ ಸಕ್ಕರೆ ಕಾಯಿಲೆಯವನನ್ನು ಹಾಕಿದ್ದರು. ಊರವನೇ, ಮಂಚದ ಚರಿತ್ರೆ ಬಲ್ಲವನು. ಆಯಾ ಒಲ್ಲೆನೆಂದಾಗ ಅವನ ಮಕ್ಕಳೇ ಪಕ್ಕದ ಮಂಚದವನನ್ನು ಪುಸಲಾಯಿಸಿದರು. ಅವನು ದಗಡೂ ಬಂಡಗರ, ಜತ್ ಕಡೆಯಿಂದ ಮಗ್ಗದ ಕೂಲಿಗೆ ಬಂದವನು. ಹರ್ನಿಯಾ ಆಪರೇಶನ್ನಿಗೆಂದು ಹಿಂದಿನ ದಿನದಿಂದ ಉಪವಾಸ. ಹೇಳುವವರು ಕೇಳುವವರು ಇಲ್ಲ. ಕಿಟಕಿಯ ಗಾಳಿ ಸಿಗುತ್ತದೆ ಎಂದು ಖುಷಿಯಿಂದ ಸರಿದ. ಪ್ರಾಜಕ್ತಾ ಬಂದಳು, ಏಳನೇ ನಂಬರಿನ ಹಲಗೆ ನೋಡಿದಳು, ಅಲ್ಲಿ ಮಲಗಿದ್ದವನ ತೋಳಿಗೆ ಇನ್ಸುಲಿನ್ ಚುಚ್ಚಿದಳು.

ಪಕ್ಕದ ಮಂಚದಿಂದ ಗುರವ ಕೇಳಿದ. "ಸಿಸ್ಟರ್, ನನ್ನ ಸಕ್ರಿ ಸೂಜಿ ಮರತ್ರೇನು?"

ಹಸಿದ ಹೊಟ್ಟೆಗೆ, ಸಕ್ಕರೆ ಕಾಯಿಲೆಯೇ ಇಲ್ಲದವನಿಗೆ ಇನ್ಸುಲಿನ್ ಬಿದ್ದರೆ ಮಿದುಳು ನಂದಿಹೋಗುತ್ತದೆ. ಹುಡುಗಿಗೆ ಅದು ಗೊತ್ತಿತ್ತು. ಯಾರೂ ನೋಡಿರಲಿಲ್ಲ ಎನ್ನುವುದೂ ಗೊತ್ತಿತ್ತು. ಸಿರಿಂಜು ಎಸೆದು ಸುಮ್ಮನಿದ್ದಿದ್ದರೆ ದಗಡೂ ನಿದ್ದೆಯಲ್ಲೇ ಹೋಗುತ್ತಿದ್ದ, ಮಂಚದ ದೋಷ ಎಂದು ಜನ ಕೈ ಮುಗಿಯುತ್ತಿದ್ದರು. ಆಕೆ ಹಾಗೆ ಮಾಡಲಿಲ್ಲ. ವಾರ್ಡಿನ ಉದ್ದಕ್ಕೂ ಓಡಿ ಬಂದು ಆವಳೆ ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನಾ ತಪ್ಪು ಮಾಡಿದ್ನಿ. ಏಳನೇದರಾಗ ಬ್ಯಾರೆಯವ ಮಲಗಿದ್ದ, ಅವಗ ಇನ್ಸುಲಿನ್ ಕೊಟ್ಟಬಿಟ್ನಿ. ಲಗೂನ ಬರ್ರಿ."

ಗ್ಲೂಕೋಸ್ ಹರಿಸಿದರು. ಅಷ್ಟರಲ್ಲಿ ದಗಡೂ ಬೆವರಿ ತೊಪ್ಪೆಯಾಗಿದ್ದ, ಏನೇನೋ ತೊದಲುತ್ತಿದ್ದ. ಸಂಜೆಗೆ ಎದ್ದು ಕೂತು, "ಆಪರೇಶನ್ ಆತೇನ್ರಿ?" ಎಂದು ಕೇಳಿದ. ಪ್ರಾಜಕ್ತಾ ಅತ್ತಳು, ನಕ್ಕಳು, ಮತ್ತೆ ಅತ್ತಳು. ಆವಳೆ ಅಕ್ಕನ ಮುಖದಲ್ಲಿ ಅವತ್ತು ಇದ್ದ ಬೆಳಕನ್ನು ನಾನು ಮುಂದೆ ಯಾವತ್ತೂ ನೋಡಲಿಲ್ಲ. ತಾನು ಹೇಳಿದ್ದು ನಿಜವಾಯಿತು, ಒಂದು ಜೀವ ಕಣ್ಣೆದುರೇ ಉಳಿಯಿತು ಎನ್ನುವ ಬೆಳಕು.

ಶನಿವಾರದ ಕೂಟಕ್ಕೆ ಮೊದಲ ಬಾರಿಗೆ ಉಪಾಧ್ಯೆ ಬಂದರು, ಜೊತೆಗೆ ಟ್ರಸ್ಟಿನ ಆಫೀಸಿನವರೂ ಬಂದರು. ಪ್ರಾಜಕ್ತಾ ಹಿಂಜರಿದಳು.

"ಅವರ ಮುಂದ ಬ್ಯಾಡ ಅಕ್ಕಾ."

"ಹೇಳ ಕೂಸ. ನಿನ್ನಿಂದ ಎಲ್ಲಾರೂ ಕಲೀಲಿ. ನಿನಗೇನೂ ಆಗಂಗಿಲ್ಲ, ನಾ ಅದೇನಿ."

ಹುಡುಗಿ ಎಲ್ಲವನ್ನೂ ಹೇಳಿದಳು. ಉಪಾಧ್ಯೆ ಬೆನ್ನು ತಟ್ಟಿದರು.

ಮಾತು ಹೊರಗೆ ಹೋಗಲು ನಮ್ಮೂರಲ್ಲಿ ಎಷ್ಟು ಹೊತ್ತು ಬೇಕು? ದಗಡೂನ ದೂರದ ಅಳಿಯನೊಬ್ಬ ಎಲ್ಲಿಂದಲೋ ಹುಟ್ಟಿಕೊಂಡ. ದಗಡೂ ಮಲಗಿದ್ದಾಗ ಒಂದು ಲೋಟ ಚಹಾ ತಂದುಕೊಟ್ಟವನಲ್ಲ, ಈಗ ಪುಢಾರಿಗಳನ್ನು ಕಟ್ಟಿಕೊಂಡು ಬಂದು ಬಾಗಿಲಲ್ಲಿ ಕೂತು ಘೋಷಣೆ ಕೂಗಿದ. ಪೇಪರಿನಲ್ಲಿ ಬಂತು. ಟ್ರಸ್ಟಿನ ಅಧ್ಯಕ್ಷರಿಗೆ ಎದುರಲ್ಲೇ ನಗರಪಾಲಿಕೆ ಚುನಾವಣೆ. ಸೋಮವಾರ ಟ್ರಸ್ಟಿನಿಂದ ಹೇಳಿಕೆ ಹೊರಬಿತ್ತು. ಆಸ್ಪತ್ರೆಯದು ಏನೂ ತಪ್ಪಿಲ್ಲ, ನರ್ಸ್ ಎಲ್ಲರ ಮುಂದೆ ತಾನೇ ತಪ್ಪೊಪ್ಪಿಕೊಂಡಿದ್ದಾಳೆ, ಅವಳನ್ನು ಕೆಲಸದಿಂದ ತೆಗೆದು ಪೊಲೀಸರಿಗೆ ದೂರು ಕೊಡಲಾಗಿದೆ. ಕೂಟದಲ್ಲಿ ಕೇಳಿಸಿಕೊಂಡವರೇ ಸಾಕ್ಷಿಗಳು.

ಆವಳೆ ಅಕ್ಕ ಉಪಾಧ್ಯೆಯವರ ಕೋಣೆಗೆ ನುಗ್ಗಿದಾಗ ನಾನು ಒಂದು ಫಿಲ್ಮ್ ತೋರಿಸಲು ಒಳಗಿದ್ದೆ.

"ಸರ್, ಮೈಕ್ ಹಿಡಕೊಂಡು ಹೇಳಿದವರು ನೀವು."

"ಆವಳೆ, ಅದು ಆಸ್ಪತ್ರಿ ಒಳಗಿನ ಮಾತು. ಈಗ ಹೊರಗ ಹೋಗೇತಿ."

"ಒಳಗಿದ್ದಾಗ ಬೆನ್ನು ತಟ್ಟೋದು, ಹೊರಗ ಹೋದ್ರ ಪೊಲೀಸರಿಗೆ ಕೊಡೋದಾ?"

"ಮಂದಿ ಬಾಗಲಾಗ ಕುಂತಾರ. ಯಾರನ್ನರೆ ಒಬ್ಬರನ್ನ ಕೊಡಬೇಕಾಗತೈತಿ."

"ಹಂಗಾರ ನನ್ನ ಕೊಡ್ರಿ. ಹೇಳು ಅಂದಾಕಿ ನಾನು."

"ನಿಮ್ಮನ್ನ ಕೊಟ್ರ ವಾರ್ಡ್ ಯಾರು ನೋಡ್ತಾರ?" ಎಂದು ಅವರು ನನ್ನ ಕೈಲಿದ್ದ ಫಿಲ್ಮನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡತೊಡಗಿದರು. ಅದು ತಲೆಕೆಳಗಾಗಿತ್ತು.

ದಗಡೂ ಸ್ವತಃ ಪೊಲೀಸ್ ಠಾಣೆಗೆ ಹೋಗಿ, "ಆ ಮಗಳು ನನ್ನ ಉಳಿಸ್ಯಾಳ, ಬಿಟ್ಟಬಿಡ್ರಿ," ಎಂದನಂತೆ. ಅವನ ಮಾತು ಯಾರಿಗೆ ಬೇಕು? ಪ್ರಾಜಕ್ತಾ ತನ್ನ ಚಪ್ಪಲಿ, ಬಾಚಣಿಗೆ ಒಯ್ಯಲು ಬಂದ ದಿನ ವಾರ್ಡಿನಲ್ಲಿ ಎಲ್ಲರಿಗೂ ಏಕಾಏಕಿ ಕೆಲಸ ಹೆಚ್ಚಾಯಿತು, ಒಬ್ಬರೂ ತಲೆ ಎತ್ತಲಿಲ್ಲ. ಆವಳೆ ಅಕ್ಕ ಗೇಟಿನ ತನಕ ಜೊತೆಗೆ ನಡೆದಳು.

"ಅಕ್ಕಾ, ನಾ ಹೇಳದ ಇದ್ದಿದ್ರ?" ಎಂದು ಹುಡುಗಿ ಕೇಳಿದಳು.

"ಅವ ಸಾಯ್ತಿದ್ದ."

"ಅವ ಬದುಕಿದ. ಚಲೋ ಆತು. ಈಗ ನಾ ಏನ್ ಮಾಡ್ಲಿ?"

ಕೋರ್ಟಿನ ಕೇಸು ಇನ್ನೂ ಎಳೆಯುತ್ತಿದೆ. ಕೇಸು ತಲೆಯ ಮೇಲಿದ್ದವಳನ್ನು ಯಾವ ಆಸ್ಪತ್ರೆ ಸೇರಿಸಿಕೊಳ್ಳುತ್ತದೆ? ಅವಳೀಗ ಒಂದು ಕಾರ್ಖಾನೆಯಲ್ಲಿ ಬಟ್ಟೆ ಮಡಿಸಿ ಗಂಟು ಕಟ್ಟುತ್ತಾಳೆ. ರಸ್ತೆಯಲ್ಲಿ ಸಿಕ್ಕರೆ ನಗುತ್ತಾಳೆ, ಆದರೆ ನಿಲ್ಲುವುದಿಲ್ಲ.

ಶನಿವಾರದ ಕೂಟ ನಿಲ್ಲಲಿಲ್ಲ. ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಉಪಾಧ್ಯೆ ಅದನ್ನು ಕಡ್ಡಾಯ ಮಾಡಿದರು. ಎಲ್ಲರೂ ಬಂದು ಸಾಲಾಗಿ ಕೂರುತ್ತಿದ್ದರು, "ಈ ವಾರ ಏನೂ ತಪ್ಪಾಗಿಲ್ಲ ಸರ್," ಎನ್ನುತ್ತಿದ್ದರು, ಏಳುತ್ತಿದ್ದರು. ವರ್ಷವಿಡೀ ನಮ್ಮ ಆಸ್ಪತ್ರೆಯಲ್ಲಿ ಒಂದೇ ಒಂದು ತಪ್ಪೂ ಆಗಲಿಲ್ಲ! ಅದಕ್ಕಾಗಿ ಯಾವುದೋ ಸಂಸ್ಥೆಯವರು ಅಧ್ಯಕ್ಷರಿಗೆ ಶಾಲು ಹೊದಿಸಿ ಹಿತ್ತಾಳೆ ಫಲಕ ಕೊಟ್ಟರು. ಅದನ್ನು ನೋಂದಣಿ ಕಿಟಕಿಯ ಮೇಲೆ ತೂಗುಹಾಕಿದ್ದಾರೆ. ಇತ್ತ ಮಂಚ ಬದಲಾಯಿಸುವುದು ಮೊದಲಿನಂತೆಯೇ ನಡೆಯಿತು. ಹೌಸಾ ಮಾವಶಿ ಈಗ ಆವಳೆ ಅಕ್ಕನಿಗೂ ಹೇಳುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ನಾ ಏನ್ ಕಂಡಿಲ್ಲ ಸುಲೋಚನಾ," ಎಂದು ನೆಲ ಒರೆಸುತ್ತ ಮುಂದೆ ಸರಿಯುತ್ತಿದ್ದಳು. ಆವಳೆ ಅಕ್ಕನನ್ನು ಕೆಲವೇ ದಿನಗಳಲ್ಲಿ ವಾರ್ಡಿನಿಂದ ತೆಗೆದು ಹೊರರೋಗಿಗಳ ಕಡೆ, ಚೀಟಿ ನೋಡಿ ಸಾಲು ನಿಲ್ಲಿಸುವ ಕೆಲಸಕ್ಕೆ ಹಾಕಿದರು. ವಾರ್ಡ್ ಯಾರು ನೋಡುತ್ತಾರೆ ಎಂದಿದ್ದ ಉಪಾಧ್ಯೆಯವರೇ ಹಾಕಿದ್ದು. ಆಕೆ ಜಗಳ ಆಡಲಿಲ್ಲ. ಆಗಲೇ ಆಕೆಯಲ್ಲಿ ಏನೋ ಮುರಿದಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಆಮೇಲೆ ಮಾರುತಿಯ ಸರದಿ ಬಂತು. ಅವನಿಗೆ ಮೂತ್ರ ಕಟ್ಟುತ್ತಿತ್ತು, ಪ್ರಾಸ್ಟೇಟ್ ಆಪರೇಶನ್ ಆಗಬೇಕಿತ್ತು. ಬೇರೆ ಊರಿಗೆ ಕರೆದುಕೊಂಡು ಹೋಗು ಅಂದೆ. "ನಮ್ಮ ಆಸ್ಪತ್ರಿ ಐತಲ್ಲ ಮಾಮಾ. ಎಲ್ಲಾರೂ ಗುರ್ತಿನವರು," ಅಂದಳು. ಮಾರುತಿಯಂಥ ಸಾಧು ಗಂಡಸು ಅಪರೂಪ. ಮಗ್ಗದ ಸದ್ದಿಗೆ ಕಿವಿ ಹೋಗಿತ್ತು. ಹೆಂಡತಿ ಏನು ಬೈದರೂ "ಹೌದ ಹೌದ" ಎಂದು ನಗುತ್ತಿದ್ದ. ಆಪರೇಶನ್ ಚೆನ್ನಾಗಿಯೇ ಆಯಿತು. ಡಾಕ್ಟರ್ ಕುಡಚೆ ಕೈಗುಣದವರು. ಮರುದಿನ ಬೆಳಿಗ್ಗೆ ಹೋದಾಗ ಮಾರುತಿ ಕೂತು ಗಂಜಿ ಕುಡಿಯುತ್ತಿದ್ದ. "ಇದಕ್ಕ ಉಪ್ಪಿನಕಾಯಿ ಕೊಡಂಗಿಲ್ಲಂತ ತೇರದಾಳೆ. ಇದೂ ಒಂದು ಆಸ್ಪತ್ರಿ ಏನು?" ಎಂದು ನನ್ನ ಕಿವಿ ಕಿತ್ತುಹೋಗುವಂತೆ ಕೂಗಿದ.

ಮಧ್ಯಾಹ್ನ ಆವಳೆ ಅಕ್ಕ ಮನೆಗೆ ಹೋಗಿ ಭಾಕರಿ ತಿಂದು, ಅವನಿಗೆ ಒಗೆದ ಬಟ್ಟೆ ತಂದಳು. ಹೋಗುವಾಗ ತಿಳಿಗೆಂಪಾಗಿದ್ದ, ಮಂಚಕ್ಕೆ ತೂಗುಬಿಟ್ಟ ಮೂತ್ರದ ಚೀಲ ಈಗ ಕಡುಗೆಂಪಾಗಿತ್ತು. ಕೈಗೆ ಚುಚ್ಚಿದ್ದ ಸೂಜಿಯ ಸುತ್ತ ರಕ್ತ ಜಿನುಗಿ ಹಾಸಿಗೆ ತೋಯ್ದಿತ್ತು. ಮಾರುತಿ ಆಕೆಯನ್ನು ನೋಡಿ ನಕ್ಕ. ಹಲ್ಲಿನ ಸಂದೆಲ್ಲ ರಕ್ತ.

ಆಕೆ ಡಾಕ್ಟರ್ ಕುಡಚೆಯವರನ್ನು ಕೈ ಹಿಡಿದೇ ಎಳೆದು ತಂದಳು. ದಾರಿಯಲ್ಲಿ ನನ್ನನ್ನೂ ಕೂಗಿದಳು.

"ಸರ್, ಇದು ಗಾಯದ ರಕ್ತ ಅಲ್ಲ. ಒಸಡಿನಿಂದ ಯಾಕ ಬರತೈತಿ? ರಕ್ತ ತಿಳಿ ಮಾಡೋ ಔಷಧ ಬಿದ್ದೈತಿ ಇವರ ಮೈಯಾಗ."

ಕುಡಚೆ ಹಲಗೆ ನೋಡಿದರು. "ಅದನ್ನ ನಾ ಬರದೇ ಇಲ್ಲಲ್ಲ ಆವಳೆ." ಮುಖ ಸಪ್ಪಗಾಯಿತು. "ರಕ್ತ ತಪಾಸಣೆಗೆ ಸಾಂಗಲಿಗೆ ಕಳಿಸ್ತೀನಿ. ಆದ್ರ ಅದು ಬರೂತನಕ ಕಾಯಾಕ ಆಗಂಗಿಲ್ಲ. ಅದರ ಮಾರುಮದ್ದು ನಮ್ಮಲ್ಲಿಲ್ಲ, ಕೊಲ್ಹಾಪುರದಿಂದ ತರಬೇಕು. ತಪ್ಪಿ ಕೊಟ್ರ ಅದೂ ಕುತ್ತು. ಆ ಔಷಧನ ಕೊಟ್ಟಾರ ಅಂತ ಯಾರರೆ ಖಾತ್ರಿ ಹೇಳಿದ್ರ ಈಗಿಂದೀಗ ಫೋನ್ ಮಾಡಿ ತರಸ್ತೀನಿ. ಯಾರಿದ್ರು ಪಾಳಿಯೊಳಗ?"

ಪಾಳಿಯಲ್ಲಿದ್ದವಳು ಸಾಯಲಿ ಭೋಕರೆ. ಸೇರಿ ವರ್ಷವಾಗಿರಲಿಲ್ಲ. ಸೂಜಿ ಕಟ್ಟಿಕೊಳ್ಳದಂತೆ ನಡುನಡುವೆ ಅದರೊಳಗೆ ನೀರಿನಂಥ ಸಲೈನ್ ಹಾಯಿಸಿ ತೊಳೆಯುತ್ತಾರೆ. ಆ ಸಲೈನಿನ ಪುಟ್ಟ ಬಾಟಲಿಯೂ ರಕ್ತ ತಿಳಿಮಾಡುವ ಔಷಧದ ಬಾಟಲಿಯೂ ನಮ್ಮ ಕಪಾಟಿನಲ್ಲಿ ಒಂದೇ ಟ್ರೇಯಲ್ಲಿ, ಒಂದೇ ಗಾತ್ರದಲ್ಲಿ, ಅದೇ ನೀಲಿ ಮುಚ್ಚಳ ಹೊತ್ತು ನಿಂತಿರುತ್ತಿದ್ದವು. ಅವನ್ನು ಬೇರೆ ಇಡಿ ಎಂದು ಹಿಂದಿನ ಕೂಟಗಳಲ್ಲಿ ಯಾರಾದರೂ ಹೇಳಬಹುದಿತ್ತು. ತಪ್ಪೇ ಆಗದ ಆಸ್ಪತ್ರೆಯಲ್ಲಿ ಯಾರು ಹೇಳುತ್ತಾರೆ?

ನಾನು ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು ಔಷಧದ ಕೋಣೆಯ ಬಾಗಿಲಲ್ಲಿ ನಿಂತೆ. ಕುಡಚೆ ಚೀಟಿ ಬರೆದುಕೊಟ್ಟರೆ ನಾನೇ ಕೊಲ್ಹಾಪುರಕ್ಕೆ ಹಾರುವವನಿದ್ದೆ. ಸಾಯಲಿ ಕಪಾಟಿಗೆ ಮುಖ ಮಾಡಿ ನಿಂತಿದ್ದಳು. ಟ್ರೇ ಖಾಲಿಯಾಗಿತ್ತು, ಕಸದ ಡಬ್ಬಿಯೂ ಖಾಲಿಯಾಗಿತ್ತು.

"ಸಾಯಲಿ," ಎಂದಳು ಆವಳೆ ಅಕ್ಕ.

"ನಾ ಏನೂ ಕೊಟ್ಟಿಲ್ಲ ಅಕ್ಕಾ."

"ನಾ ಇನ್ನೂ ಕೇಳೇ ಇಲ್ಲ, ಮಗಳ."

ಹುಡುಗಿ ತಿರುಗಲಿಲ್ಲ. ಆವಳೆ ಅಕ್ಕ ಹೋಗಿ ಆಕೆಯ ಕೈ ಹಿಡಿದುಕೊಂಡಳು.

"ಅವರು ಇನ್ನೂ ಮಾತಾಡಾಕತ್ತಾರ. ಈಗ ಹೇಳಿದ್ರ ಉಳೀತಾರ. ಸೂಜಿ ತೊಳ್ಯಾಕ ಯಾವ ಬಾಟ್ಲಿ ತಗೊಂಡಿ? ಒಂದ ಮಾತು. ನಿನಗ ಬೈಯಂಗಿಲ್ಲ, ಹೊಡಿಯಂಗಿಲ್ಲ. ಒಂದ ಮಾತು ಹೇಳವ್ವಾ."

ಸಾಯಲಿ ತಿರುಗಿದಳು. ಪಿಸುಗುಟ್ಟಿದಳು. ನಮ್ಮೂರಲ್ಲಿ ನಾನು ಕೇಳಿದ ಮೊದಲ ಪಿಸುಮಾತು ಅದು.

"ಪ್ರಾಜಕ್ತಾ ಅಂತ ಒಬ್ಬಾಕಿ ಇದ್ಲಂತಲ್ಲ ಅಕ್ಕಾ. ಆಕೀನೂ ಹೇಳಿದ್ಲಂತ. ನಾ ಹೇಳಿದ್ರ ನನ್ನ ಯಾರು ಕಾಯ್ತಾರ? ನೀವು ಕಾಯ್ತೀರೇನು?"

ಹೂಂ ಅನ್ನು, ಎಂದು ನಾನು ಮನಸ್ಸಿನಲ್ಲಿ ಕೂಗಿದೆ. ಹೂಂ ಅಂದುಬಿಡು ತಾಯಿ, ನಿನ್ನ ಗಂಡ ಅಲ್ಲಿ ಸಾಯುತ್ತಿದ್ದಾನೆ. ಆವಳೆ ಅಕ್ಕ ಬಾಯಿ ತೆರೆದಳು. ಗೇಟಿನ ತನಕ ಚಪ್ಪಲಿಯ ಚೀಲ ಹಿಡಿದು ನಡೆದುಹೋದ ಹುಡುಗಿ ಆಗ ಅವಳ ಕಣ್ಣ ಮುಂದೆ ನಿಂತಿದ್ದಳೋ ಏನೋ. ಅದೇ ಮಾತನ್ನು ಇನ್ನೊಬ್ಬ ಹುಡುಗಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು.

"ಏನೂ ಕೊಟ್ಟಿಲ್ಲ ನಾ," ಎಂದಳು ಸಾಯಲಿ, ಈಗ ಜೋರಾಗಿ.

ಹುಡುಗಿ ಹೆದರಿದ್ದಾಳೆ, ಅದೇ ಔಷಧ ಹೋಗಿರಬೇಕು ಎಂದು ನಾನು ಓಡಿ ಹೋಗಿ ಕುಡಚೆಯವರಿಗೆ ಹೇಳಿದೆ. ಅವರು ಉಪಾಧ್ಯೆಯವರನ್ನು ಕರೆದುಕೊಂಡು ಬಂದು ಕೇಳಿದರು. ಆಕೆ ಏನೂ ಇಲ್ಲ ಸರ್ ಅಂದಳು. ಹೌಸಾ ಮಾವಶಿಯನ್ನು ಕೇಳಿದರು. ಕಸದ ಡಬ್ಬಿ ಖಾಲಿ ಮಾಡಿದವಳು ಅವಳೇ ಇರಬೇಕು. "ನನಗೇನ್ ತಿಳೀತೈತ್ರಿ, ನಾ ಓದಿದಾಕಿ ಅಲ್ಲ," ಅಂದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಗೋಡೆಯನ್ನು ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಉಪಾಧ್ಯೆ ಕುಡಚೆಯವರ ಕಡೆ ತಿರುಗಿ, "ತಪಾಸಣೆ ಬರಲಿ, ಅವಸರ ಮಾಡಿ ನಾವ ಸಿಕ್ಕಿಬೀಳೋದು ಬ್ಯಾಡ," ಅಂದರು. ಕುಡಚೆ ಚೀಟಿ ಬರೆಯಲಿಲ್ಲ. ರಕ್ತ ಕೊಟ್ಟರು, ಗಾಯ ಬಿಗಿದರು, ಬೆವರಿದರು. ಒಳಗೆ ಹೋದ ರಕ್ತವೆಲ್ಲ ಹೊರಗೆ ಹರಿಯುತ್ತಿತ್ತು.

ಆವಳೆ ಅಕ್ಕ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವನು ಏನೋ ಕೇಳಿದ. ಆಕೆ ಅವನ ಕಿವಿಗೆ ಬಾಯಿಟ್ಟು, "ಏನೂ ಇಲ್ಲ, ಆಪರೇಶನ್ ಆದ ಮ್ಯಾಲ ಹಿಂಗ ಆಗತೈತಿ," ಎಂದು ಕೂಗಿದಳು. "ಹೌದ ಹೌದ," ಎಂದ ಅವನು. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಹೋದ. ಸಾಂಗಲಿಯ ತಪಾಸಣೆ ಬಂದಾಗ ಹೆಣವನ್ನು ಮನೆಗೆ ಕಳಿಸಿ ಆಗಿತ್ತು. ರಕ್ತ ಹೆಪ್ಪುಗಟ್ಟುವ ಶಕ್ತಿ ಪೂರ್ತಿ ಇಂಗಿತ್ತು ಎಂದು ಅದರಲ್ಲಿತ್ತು. ಇಳಿವಯಸ್ಸು, ಹೃದಯ ನಿಂತಿತು ಎಂದು ಆಸ್ಪತ್ರೆ ಬರೆದುಕೊಂಡಿತು. ಆ ಶನಿವಾರದ ಕೂಟದಲ್ಲೂ ಏನೂ ತಪ್ಪಾಗಿಲ್ಲ ಸರ್ ಎಂದೇ ಹೇಳಿದರು. ನಾನು ಎದ್ದು ನಿಂತೆ, ಸಾಯಲಿಯ ಕಡೆ ನೋಡಿದೆ. ಆಕೆ ನೆಲ ನೋಡುತ್ತಿದ್ದಳು. ನಾನೂ ಏನೂ ಹೇಳದೆ ಹೊರಗೆ ಬಂದೆ. ಹೇಳಿ ಇನ್ನೊಂದು ಹುಡುಗಿಯನ್ನು ಬಟ್ಟೆ ಮಡಿಸಲು ಕಳಿಸಲೇ?

ದೂರು ಕೊಡು ಎಂದು ನೆಂಟರು ಆವಳೆ ಅಕ್ಕನನ್ನು ಪೀಡಿಸಿದರು. ಕೊಡಲಿಲ್ಲ. ಹನ್ನೆರಡನೆಯ ದಿನಕ್ಕೆ ಸಾಯಲಿ ಮನೆಯ ತನಕ ಬಂದು, ಹೊಸ್ತಿಲ ಹೊರಗೆ ನಿಂತು, ಒಳಗೆ ಬರದೆ ಹೋದಳು. ಈಗ ಆಕೆ ವಾರ್ಡಿನ ಮುಖ್ಯ ನರ್ಸ್. ಒಳ್ಳೆಯ ಕೆಲಸಗಾರ್ತಿ ಎಂದು ಹೆಸರಿದೆ. ತನ್ನ ಕೈಕೆಳಗಿನ ಹುಡುಗಿಯರಿಗೆ ಆಕೆ ಮೊದಲು ಕಲಿಸುವುದು ಏನನ್ನು ಎಂದು ನನಗೆ ಗೊತ್ತು, ಅದನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಆವಳೆ ಅಕ್ಕ ನಿವೃತ್ತಿಯ ದಿನ ಬರುವ ಮುಂಚೆಯೇ ಕೆಲಸ ಬಿಟ್ಟಳು. ನಾನು ಆಗಾಗ ಹೋಗಿ ಕೂರುತ್ತೇನೆ. ಚಹಾ ಕೊಡುತ್ತಾಳೆ, ಎದುರು ಕೂರುತ್ತಾಳೆ, ಪಕ್ಕದ ಶೆಡ್ಡಿನ ಮಗ್ಗಗಳು ಹೊಡೆದುಕೊಳ್ಳುತ್ತಿರುತ್ತವೆ. ಮೊನ್ನೆ ಅದರ ಮೇಲೆ ಕೂಗಿಯೇ ಹೇಳಿದಳು.

"ಹೂಂ ಅಂತ ಒಂದು ಸುಳ್ಳು ಹೇಳಬೇಕಿತ್ತು ಮಾಮಾ. ಆಕಿ ಕಾಯಾಕತ್ತಿದ್ಲು, ನಾ ಹೂಂ ಅಂದಿದ್ರ ಹೇಳ್ತಿದ್ಲು. ಇವರು ಇವತ್ತ ಇಲ್ಲಿ ಕುಂತು ಉಪ್ಪಿನಕಾಯಿ ಕೇಳ್ತಿದ್ರು."

"ಆಮ್ಯಾಲ ಆ ಹುಡುಗಿ?" ಎಂದೆ.

"ಆಕೀನ ಕೊಡ್ತಿದ್ರು. ನಾ ನೋಡಕೋತ ನಿಲ್ತಿದ್ನಿ," ಅಂದಳು. ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಾನು ಬಹಳ ಹೊತ್ತು ಅಲ್ಲಿಯೇ ಕೂತಿದ್ದೆ, ಆಕೆ ಹೊರಗೆ ಬರಲಿಲ್ಲ.